ಸೋಮವಾರದ ಡಬ್ಬಿ

ಶವದ ಮೇಲೆ ಹೂವಿಡಲು ಬಗ್ಗಿದ ನಿವೃತ್ತ ಸ್ಟೇಷನ್ ಮಾಸ್ತರರ ತೋಳನ್ನು, ಬಗ್ಗಿದ್ದಲ್ಲಿಯೇ, ಹೊಲಿಗೆಯಮ್ಮ ಹಿಡಿದುಕೊಂಡಳು.

“ಹನ್ನೊಂದು ವರ್ಷ ನಮ್ಮ ಯಜಮಾನರ ಜೊತೆ ಕೆಲಸ ಮಾಡಿದೀರಿ. ಆಲೂಗಡ್ಡೆ ವಿಷಯ ಯಾವತ್ತಾದ್ರೂ ಏನಾದ್ರೂ ಹೇಳಿದ್ರಾ?”

ರೈಲುಗಳ ವಿಚಾರವಾಗಿ ಮೂವತ್ತು ವರ್ಷ ಜನರಿಗೆ ಉತ್ತರ ಕೊಟ್ಟು ಪಳಗಿದ ಮಾಸ್ತರರು ಯಾವ ಪ್ರಶ್ನೆಯನ್ನೂ ಹಗುರವಾಗಿ ತೆಗೆದುಕೊಳ್ಳುವವರಲ್ಲ. ಅರ್ಧ ಬಗ್ಗಿದ ಭಂಗಿಯಲ್ಲೇ, ಕೈಯಲ್ಲಿ ಹೂವು ಹಿಡಿದು, ಅವರು ಯೋಚಿಸಿದರು.

“ಸರಿಯಾಗಿ ಬೆಂದಿಲ್ಲ ಅಂತ ಒಂದ್ಸಲ ಹೇಳಿದ್ರು. ಆದರೆ ಅದು ನಮ್ಮ ಕ್ಯಾಂಟೀನಿನ ಆಲೂಗಡ್ಡೆ.”

“ನನ್ನದರ ಬಗ್ಗೆ?”

“ನಿಮ್ಮ ಕೈರುಚಿಯನ್ನ ಯಾವಾಗಲೂ ಹೊಗಳೋರು.”

“ಹೊಗಳಿಕೆ ಬೇಡ ಸ್ವಾಮಿ, ಉತ್ತರ ಬೇಕು,” ಎಂದು ಆಕೆ ತೋಳು ಬಿಟ್ಟಳು. ಮಾಸ್ತರರು ಹೂವಿಟ್ಟು, ಸೊಂಟ ಹಿಡಿದುಕೊಂಡು ನೆಟ್ಟಗಾದರು.

ಆಕೆಯ ಗಂಡ ಮಲಗಿದ್ದುದು ಆಕೆ ಶಾಲಾ ಸಮವಸ್ತ್ರಗಳ ಬಟ್ಟೆ ಕತ್ತರಿಸುವ ಮೇಜಿನ ಮೇಲೆ. ಆ ಮನೆಯಲ್ಲಿ ಅಷ್ಟುದ್ದದ ಮೇಜು ಅದೊಂದೇ. ಆತ ತಾನು ಹೇಳಿಕೊಳ್ಳುತ್ತಿದ್ದುದಕ್ಕಿಂತ ಎರಡು ಅಂಗುಲ ಕುಳ್ಳ ಎಂಬ ಸಂಗತಿ, ಮೇಜಿನ ಅಂಚಿಗೆ ಕೊರೆದಿದ್ದ ಅಳತೆಯ ಗೆರೆಗಳಿಂದಾಗಿ, ಅಂದು ಬೆಳಿಗ್ಗೆಯಷ್ಟೇ ಬಯಲಾಗಿತ್ತು. ಹಿಂದಿನ ದಿನ, ಭಾನುವಾರ, ಊಟ ಮುಗಿಸಿ “ಹತ್ತಿರ ಬಂತು” ಎಂದು ಹೇಳಿ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕಣ್ಣು ಮುಚ್ಚಿದವನು ಮತ್ತೆ ತೆರೆದಿರಲಿಲ್ಲ. ಈ ದಿನ ನಾಲ್ಕು ಗಂಟೆಗೆ ವಾಹನ ಬರುವುದಿತ್ತು.

“ಅತ್ತಿಗೆ, ಬಂದವರನ್ನೆಲ್ಲ ಹೀಗೆ ಅಡ್ಡಗಟ್ಟಿ ಕೇಳಿದ್ರೆ ಜನ ಇದನ್ನ ಪೊಲೀಸ್ ಠಾಣೆ ಅಂದ್ಕೋತಾರೆ,” ಎಂದಳು ನಾದಿನಿ, ಪಿಸುದನಿಯಲ್ಲಿ. ಅವಳ ಪಿಸುದನಿ ಬೀದಿಯ ತಿರುವಿನವರೆಗೆ ಕೇಳಿಸುತ್ತಿತ್ತು.

“ಅಂದ್ಕೊಳ್ಳಲಿ ಬಿಡಿ. ನಿಮ್ಮಣ್ಣ ಹೇಳದೇನೇ ಹೊರಟುಬಿಟ್ರಲ್ಲ! ನಲವತ್ತೊಂದು ವರ್ಷ ಮಾಡಿದೀನಿ. ಒಂದೇ ಒಂದು ಸಲವಾದ್ರೂ ಆ ರುಚಿ ಬಂದಿತ್ತಾ, ಇಲ್ವಾ? ಯಾರಿಗಾದ್ರೂ ಹೇಳಿದ್ರೆ ಅವರು ಇವತ್ತು ಈ ಬಾಗಿಲಿಗೆ ಬಂದೇ ಬರ್ತಾರೆ. ನಾಳೆ ಯಾರು ಬರ್ತಾರೆ, ಹೇಳಿ?”

ನಾದಿನಿ ನೆರವಿಗಾಗಿ ಸೊಸೆಯತ್ತ, ಅಂದರೆ ತನ್ನ ಅಣ್ಣನ ಮಗಳತ್ತ ನೋಡಿದಳು. ಮಗಳು ಅತ್ತು ಅತ್ತು ಊದಿದ ಕಣ್ಣುಗಳಲ್ಲೇ ನಗು ತಡೆದುಕೊಂಡು, ಬಾಗಿಲಿಗೆ ಬಂದ ಮುಂದಿನವರನ್ನು ಒಳಗೆ ಬಿಟ್ಟಳು.

*

ಆತ ಜೀವಮಾನವೆಲ್ಲ ದುಡಿದದ್ದು ರೈಲು ನಿಲ್ದಾಣದ ಕಳೆದ ವಸ್ತುಗಳ ಕಚೇರಿಯಲ್ಲಿ. ರೈಲಿನಲ್ಲಿ ಜನ ಛತ್ರಿ ಮರೆಯುತ್ತಾರೆ, ಕನ್ನಡಕ ಮರೆಯುತ್ತಾರೆ, ಒಮ್ಮೊಮ್ಮೆ ಅತ್ತೆಯನ್ನೂ ಮರೆಯುತ್ತಾರೆ. ಆದರೆ ಎಲ್ಲಕ್ಕಿಂತ ಹೆಚ್ಚಾಗಿ ಮರೆಯುವುದು ಊಟದ ಗಂಟನ್ನು. ಆಹಾರದ ವಿಷಯದಲ್ಲಿ ಕಚೇರಿಯ ನಿಯಮ ಖಚಿತವಾಗಿತ್ತು. ಪೊಟ್ಟಣವನ್ನು ಬಿಚ್ಚಿ, ಬಣ್ಣ, ವಾಸನೆ, ಪ್ರಮಾಣಗಳನ್ನು ಚೀಟಿಯಲ್ಲಿ ವರ್ಣಿಸಬೇಕು. ಕೇಳಿಕೊಂಡು ಬಂದವನು ಗುರುತು ಹೇಳಿದರೆ ಕೊಡಬೇಕು. ಸಂಜೆ ಆರರವರೆಗೂ ಯಾರೂ ಬಾರದಿದ್ದರೆ ಎಸೆಯಬೇಕು. ಎಸೆಯುವ ಮುನ್ನ ಒಂದು ಚಮಚ ಬಾಯಿಗೆ ಹಾಕಿಕೊಳ್ಳಬಾರದೆಂದು ಮಾತ್ರ ನಿಯಮದಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಈ ಕೊರತೆಯನ್ನು ಆತ ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಪತ್ತೆ ಹಚ್ಚಿದ. ಸಹೋದ್ಯೋಗಿಗಳು ಆತನಿಗೆ ‘ಆರು ಗಂಟೆ’ ಎಂದು ಹೆಸರಿಟ್ಟರು.

ಜೇನಿನಲ್ಲಿ ನೆನೆಸಿದ ಬೆಳ್ಳುಳ್ಳಿಯನ್ನು ಆತ ಕಂಡದ್ದು ಹೀಗೆ. ಹೊಗೆಯ ವಾಸನೆ ಹೊಡೆಯುವ ಕಪ್ಪು ಚಹಾವನ್ನು, ಕಲ್ಲಂಗಡಿಯ ಮೇಲೆ ಮೆಣಸಿನ ಪುಡಿಯನ್ನು ಕಂಡದ್ದೂ ಹೀಗೆಯೇ. ಮಿಠಾಯಿಯೆಂದು ನಂಬಿ ಸಾಬೂನು ಕಚ್ಚಿದ್ದೂ ಉಂಟು. ಒಮ್ಮೆ ಆರು ಗಂಟೆ ಐದು ನಿಮಿಷಕ್ಕೆ ಕೇಕಿನ ಒಡತಿ ಏದುಸಿರು ಬಿಡುತ್ತ ಓಡಿಬಂದಳು. ಆತ ನಿಯಮದಂತೆ, “ಗುರುತು ಹೇಳಿ,” ಎಂದ. “ನಿಮ್ಮ ಮೀಸೆ ಮೇಲಿದೆಯಲ್ಲ, ಅದೇ,” ಎಂದಳು ಅವಳು.

ಮದುವೆಗೆ ಒಂದು ತಿಂಗಳು ಮುಂಚೆ, ರೈಲಿನ ಮೂರನೆಯ ಬೋಗಿಯ ಕಿಟಕಿಯ ಸೀಟಿನಿಂದ ಒಂದು ತಗಡಿನ ಊಟದ ಡಬ್ಬಿ ಬಂದಿತ್ತು. ಒಳಗಿದ್ದದ್ದು ಹುರಿದ ಆಲೂಗಡ್ಡೆ ಮತ್ತು ಈರುಳ್ಳಿ, ಬೇರೇನೂ ಇಲ್ಲ. ಆರು ಹೊಡೆಯಿತು. ಆತ ಒಂದು ಚಮಚ ತಿಂದ. ಆಮೇಲೆ ಡಬ್ಬಿಯ ಮೂಲೆಯನ್ನೂ ಬಿಡದೆ ತಿಂದ. ಹುಳಿಯೇ, ಸಿಹಿಯೇ, ಸುಟ್ಟ ಕಹಿಯೇ, ಯಾವುದೆಂದು ಹೇಳಲಾಗಲಿಲ್ಲ. ಒಡೆಯ ಕೊನೆಗೂ ಬರಲಿಲ್ಲ.

ಮದುವೆಯ ಮೊದಲ ವಾರ ಇದನ್ನು ಹೆಂಡತಿಗೆ ಹೇಳಿದ. ಹೊಸ ಹೆಂಡತಿ ಸೂಜಿಗೆ ದಾರ ಪೋಣಿಸುತ್ತಿದ್ದವಳು ತಲೆಯೆತ್ತಲೇ ಇಲ್ಲ.

“ಆಲೂಗಡ್ಡೆ ತಾನೆ? ಭಾನುವಾರ ಮಾಡಿ ಹಾಕ್ತೀನಿ, ಬಿಡಿ.”

ಆ ಭಾನುವಾರ ನಿಂಬೆ ಹಿಂಡಿದಳು. ಆತ ಅಗಿದ, ಚಾವಣಿಯತ್ತ ನೋಡಿದ, “ಹತ್ತಿರ ಬಂತು,” ಎಂದ. ಮರುವಾರ ಹಸಿರು ಸೇಬು, ಅದರ ಮರುವಾರ ಸುಟ್ಟ ಸಕ್ಕರೆ. ದಾಳಿಂಬೆ, ಸಾಸಿವೆ, ಕಿತ್ತಳೆಯ ಸಿಪ್ಪೆ, ಒಂದು ಬರಗಾಲದ ವಾರದಲ್ಲಿ ಕಾಫಿ ಪುಡಿ. ಉಣಬಡಿಸಿ ಎದುರಿಗೆ ಕುಳಿತು, ತನ್ನ ತಟ್ಟೆಯನ್ನು ಮರೆತು, ಆಕೆ ಆತನ ಮುಖವನ್ನೇ ನೋಡುತ್ತಿದ್ದಳು. ಆತ ಚಾವಣಿಯನ್ನೇ ನೋಡುತ್ತಿದ್ದ. ಉಳಿದದ್ದೆಲ್ಲ ಸೋಮವಾರದ ಡಬ್ಬಿಗೆ ಹೋಗುತ್ತಿತ್ತು. ಮನೆಯಲ್ಲಿ ಎಲ್ಲರೂ ಕೇಳಿ ಕೇಳಿ ಮಾಡಿಸಿಕೊಳ್ಳುವ ಒಳ್ಳೆಯ ಅಡುಗೆಗಳೆಲ್ಲ ಈ ಹುಡುಕಾಟದಲ್ಲಿ ದಾರಿ ತಪ್ಪಿ ಹುಟ್ಟಿದವು. ಆದರೆ ಆಕೆಗೆ ಬೇಕಾಗಿದ್ದದ್ದು ಅವಲ್ಲ.

*

ಒಂಬತ್ತೂವರೆಗೆ ಛತ್ರಿ ಅಕ್ಕ ಬಂದಳು. ಕಚೇರಿಯಲ್ಲಿ ಛತ್ರಿಗಳ ಕಪಾಟನ್ನು ಇಪ್ಪತ್ತಾರು ವರ್ಷ ನೋಡಿಕೊಂಡವಳು. ಆತನ ಪಕ್ಕದ ಮೇಜಿನಲ್ಲಿ ಕುಳಿತು ಮಧ್ಯಾಹ್ನದ ಊಟ ಮಾಡಿದವಳು. ಹೂವಿಟ್ಟು, ಮೂಗೊರೆಸಿಕೊಂಡು, ಹೊಲಿಗೆಯಮ್ಮ ಬಾಯಿ ತೆರೆಯುವ ಮುನ್ನವೇ ಅವಳು ಗೋಡೆಯ ಕ್ಯಾಲೆಂಡರನ್ನು ಅತ್ಯಂತ ಆಸಕ್ತಿಯಿಂದ ಓದತೊಡಗಿದಳು. ಹೊಲಿಗೆಯಮ್ಮ ಅವಳ ರಟ್ಟೆ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದಳು.

“ನಿಮಗೆ ಗೊತ್ತು.”

“ನನಗೇನು ಗೊತ್ತಮ್ಮ?”

“ಬೆಳಿಗ್ಗೆಯಿಂದ ಇಪ್ಪತ್ತು ಜನರನ್ನ ಕೇಳಿದೀನಿ. ಎಲ್ಲರೂ ನನ್ನನ್ನ ಅಯ್ಯೋ ಪಾಪ ಅಂತ ನೋಡಿದ್ರು. ಕ್ಯಾಲೆಂಡರ್ ನೋಡಿದೋರು ನೀವೊಬ್ಬರೇ. ಅದೂ ಹೋದ ವರ್ಷದ್ದು.”

ಛತ್ರಿ ಅಕ್ಕ ನಿಟ್ಟುಸಿರಿಟ್ಟಳು. “‘ನಾನು ಬದುಕಿರೋ ತನಕ ಹೇಳಬೇಡ’ ಅಂತ ಮಾತು ತಗೊಂಡಿದ್ರು.”

“ಬದುಕಿದಾರಾ? ಹೋಗಿ ನೋಡ್ಕೊಂಡು ಬನ್ನಿ ಬೇಕಾದ್ರೆ.”

“ಬಂದಿತ್ತಮ್ಮ,” ಎಂದಳು ಛತ್ರಿ ಅಕ್ಕ. “ಆ ರುಚಿ. ಬಂದಿತ್ತು.”

ಹೊಲಿಗೆಯಮ್ಮ ಸ್ಟೂಲಿನ ಮೇಲೆ ಕುಳಿತಳು.

“ಯಾವಾಗ?”

“ಮೂವತ್ತೆರಡು ವರ್ಷ ಆಯ್ತು. ಆ ನಾತದ ಹಣ್ಣು ಬಂದಿತ್ತಲ್ಲ, ನನ್ನ ಛತ್ರಿಗಳೆಲ್ಲ ಒಂದು ತಿಂಗಳು ನಾರ್ತಿದ್ವಲ್ಲ, ಆ ಸೋಮವಾರ. ಡಬ್ಬಿ ತೆಗೆದು ಒಂದು ಚಮಚ ತಿಂದ್ರು. ‘ಅಕ್ಕಾ, ಇದೇ’ ಅಂದ್ರು. ಕೌಂಟರಿನಲ್ಲಿ ಇಬ್ಬರು ಕಾಯ್ತಾ ಇದ್ರೂ ಕಿಟಕಿ ಎಳೆದುಬಿಟ್ರು.”

“ಹಿಂದಿನ ದಿನ ಅದನ್ನೇ ತಿಂದಿದ್ರು. ಆಗ ನಾಲಿಗೆ ಎಲ್ಲಿ ಹೋಗಿತ್ತು?”

“ಬಿಸಿಯಲ್ಲಿ ಗೊತ್ತಾಗಲಿಲ್ವಂತೆ. ರೈಲಿಂದ ಬಂದದ್ದು ಬೆಳಿಗ್ಗೆಯಿಂದ ಮುಚ್ಚಿಟ್ಟ ಡಬ್ಬಿ ತಾನೆ? ಏಳೆಂಟು ಗಂಟೆ ಮುಚ್ಚಳದ ಕೆಳಗೆ ತಣ್ಣಗಿರಬೇಕಿತ್ತು, ಅಷ್ಟೇ.”

“ಸರಿ. ಸೋಮವಾರ ಸಂಜೆ ಮನೆಗೆ ಬಂದ್ರಲ್ಲ. ಹೇಳೋಕೆ ಏನು ರೋಗ?”

“ನಾನೂ ಬೈದೆನಮ್ಮ. ‘ಹೇಳಿದ್ರೆ ನನ್ನ ಭಾನುವಾರ ಮುಗಿದುಹೋಯ್ತು ಅಕ್ಕ. ಅದನ್ನೇ ಬೇಯಿಸಿ ಹಾಕ್ತಾಳೆ. ಮುಂದಿನ ವಾರ ಏನು ಸುರೀತಾಳೋ ಅಂತ ಶನಿವಾರದಿಂದಲೇ ಎದೆ ಹೊಡ್ಕೊಳ್ಳುತ್ತಲ್ಲ, ಅದು ಇನ್ನೆಲ್ಲಿ ಸಿಗುತ್ತೆ?’ ಅಂದ್ರು.”

*

ಆ ಭಾನುವಾರ ಆಕೆಗೆ ಚೆನ್ನಾಗಿ ನೆನಪಿತ್ತು. ಶನಿವಾರ ಆರು ಗಂಟೆಗೆ ಯಾರೂ ಕೇಳದೆ ಉಳಿದ ಮುಳ್ಳುಮುಳ್ಳಾದ ಹಣ್ಣೊಂದನ್ನು ಆತ ಮಗುವಿನಂತೆ ಎದೆಗವಚಿಕೊಂಡು ಮನೆಗೆ ತಂದಿದ್ದ. ಕೊಯ್ದ ಕ್ಷಣದಲ್ಲಿ ಮನೆಯಲ್ಲಿ ಏನೋ ಸತ್ತುಬಿದ್ದಿದೆ ಎಂಬಂಥ ವಾಸನೆ. ಒಳಗಿನ ತೊಳೆಯನ್ನು ಬಾಯಿಗಿಟ್ಟು “ಬೆಣ್ಣೆ ಕಣೇ, ಬೆಣ್ಣೆ!” ಎಂದು ಆತ ಕಣ್ಣರಳಿಸಿದ. ಸೋಮವಾರ ಒಪ್ಪಿಸಬೇಕಿದ್ದ ನಲವತ್ತು ಬಿಳಿ ಅಂಗಿಗಳಿಗೆ ಆ ವಾಸನೆ ಅಂಟಿಕೊಂಡಿತ್ತು.

ಮರುದಿನ ಆಕೆ ಆತನ ಜೊತೆ ಮಾತಾಡಲಿಲ್ಲ. ಅಂಗಿಗಳನ್ನು ಎರಡನೆಯ ಬಾರಿ ಒಗೆದು ಹರವುತ್ತಿದ್ದಾಗ ಒಲೆಯ ಮೇಲಿನ ಆಲೂಗಡ್ಡೆ ತಳ ಹಿಡಿಯಿತು. ಹಿಡಿಯಲಿ ಎಂದು ಬಿಟ್ಟಳು. ಮುಗಿದುಹೋಗಿದ್ದ ಜಾಮ್ ಬಾಟಲಿಯೊಳಗೆ ತುಸು ವಿನೆಗರ್ ಹಾಕಿ, ಕುಲುಕಿ, ಆ ತೊಳೆದ ನೀರನ್ನೇ ಬಾಣಲೆಗೆ ಸುರಿದು, ಕರಿಕನ್ನೂ ಸೇರಿಸಿ ಕೆರೆದು, ತಟ್ಟೆಗೆ ಕುಕ್ಕಿದಳು. ಆತ ತಲೆ ತಗ್ಗಿಸಿಕೊಂಡು ಉಂಡ. ನಲವತ್ತೊಂದು ವರ್ಷಗಳಲ್ಲಿ ಆಕೆ ಆತನ ಮುಖ ನೋಡದೆ ಬಡಿಸಿದ ಭಾನುವಾರ ಅದೊಂದೇ.

*

“ತೊಳೆದ ನೀರು!” ಎಂದು ಹೊಲಿಗೆಯಮ್ಮ ಎದ್ದಳು. “ಬಾಟಲಿ ತೊಳೆದ ನೀರು!”

ಮುಂದಿನ ಕೋಣೆಯಲ್ಲಿ ಜನ ದನಿ ತಗ್ಗಿಸಿ ಕುಳಿತಿದ್ದರು. ಆಕೆ ನೇರವಾಗಿ ಮೇಜಿನ ಬಳಿಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಕಳ್ಳಾ! ಮೂವತ್ತೆರಡು ವರ್ಷ! ನನ್ನ ಕೈಯಲ್ಲೇ ಏನೋ ಕೊರತೆ ಇದೆ ಅಂದ್ಕೊಂಡಿದ್ದೆ. ಕಾಫಿ ಪುಡಿ ಹಾಕಿದಾಗಲೂ ‘ಹತ್ತಿರ ಬಂತು’ ಅಂದ್ರಲ್ಲ! ಕಾಫಿ ಪುಡಿ ಯಾವುದಕ್ಕೆ ಹತ್ತಿರ?”

ಆತ ಎಂದಿನಂತೆ ಚಾವಣಿಯತ್ತ ಮುಖ ಮಾಡಿಕೊಂಡಿದ್ದ.

“ಅತ್ತಿಗೆ!” ನಾದಿನಿ ಓಡಿಬಂದಳು. “ಹೋದವರ ಜೊತೆ ಯಾರಾದ್ರೂ ಜಗಳ ಆಡ್ತಾರಾ?”

“ಇದ್ದಾಗಲೇ ಗೊತ್ತಾಗಿದ್ರೆ ಆಗಲೇ ಆಡ್ತಿದ್ದೆ,” ಎಂದಳು ಹೊಲಿಗೆಯಮ್ಮ. ಅಳುತ್ತಾಳೆಂದು ಮಗಳು ತೋಳು ಚಾಚಿದಳು, ಆಕೆ ನಕ್ಕುಬಿಟ್ಟಳು. ನಗುತ್ತಲೇ ಆತನ ಕಾಲರಿನ ಮಡಿಕೆ ಸರಿಮಾಡಿ, ಗೋಡೆಯ ಗಡಿಯಾರ ನೋಡಿದಳು. ಹತ್ತು ಗಂಟೆ.

“ಈಗ ಮಾಡಿಟ್ರೆ ಸಂಜೆಗೆ ಆಗುತ್ತೆ. ಜಾಮ್ ಬಾಟಲಿ ತೆಗಿ.”

ಬಾಟಲಿಯಲ್ಲಿ ಮುಕ್ಕಾಲು ಭಾಗ ಜಾಮ್ ಇತ್ತು. ಬೇರೆ ಪಾತ್ರೆಗೆ ಸುರಿಯೋಣವೆಂದು ಮಗಳು ಹೇಳಿದಳು. ಆಕೆ ಒಪ್ಪಲಿಲ್ಲ. “ಅವತ್ತಿನದು ತಿಂದು ಖಾಲಿಯಾದ ಬಾಟಲಿ. ಎಲ್ಲ ಹಾಗೇ ಇರಬೇಕು. ಬ್ರೆಡ್ ಎಷ್ಟಿದೆ?”

ಹೀಗಾಗಿ, ಅಂತಿಮ ದರ್ಶನಕ್ಕೆ ಬಂದು ಆ ಹೊತ್ತಿಗೆ ಅಲ್ಲಿದ್ದ ಹದಿನಾಲ್ಕು ಮಂದಿಗೂ ಬ್ರೆಡ್ ಮತ್ತು ಜಾಮ್ ಕೊಡಲಾಯಿತು. ಏಕೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಕಪ್ಪು ಕೋಟು ತೊಟ್ಟವರು, ಎದುರು ಮನೆಯ ನರ್ಸ್, ಗಲ್ಲಿಯ ಅಂಚೆಯವನು, ಎಲ್ಲರೂ ಸಾಲಾಗಿ ಕುಳಿತು ಗಂಭೀರವಾಗಿ ತಿಂದರು. ಸ್ಟೇಷನ್ ಮಾಸ್ತರರು ಕರ್ತವ್ಯನಿಷ್ಠೆಯಿಂದ ನಾಲ್ಕು ಹೋಳು ಮುಗಿಸಿದರು. ನಾದಿನಿ ಮುಖ ತಿರುಗಿಸಿಕೊಂಡು ಎರಡು ಸುತ್ತು ನಿರಾಕರಿಸಿದಳು. ಕೊನೆಗೆ, “ಅಂಚಿನಲ್ಲಿ ಉಳಿದಿದೆ, ಕೊಡಿ ಇಲ್ಲಿ,” ಎಂದು ಬಾಟಲಿಯನ್ನೇ ಕಿತ್ತುಕೊಂಡು ಚಾಕುವಿನಿಂದ ಕೆರೆಯತೊಡಗಿದಳು.

“ಅಷ್ಟೂ ಕೆರೀಬೇಡಿ ಮಾರಾಯ್ತಿ,” ಎಂದು ಹೊಲಿಗೆಯಮ್ಮ ಕೂಗಿದಳು. “ತೊಳೆಯೋಕೆ ಏನಾದ್ರೂ ಇರಬೇಡ್ವಾ!”

ಬೇಕೆಂದೇ ಸುಡುವುದು ಅಷ್ಟು ಸುಲಭದ ಕೆಲಸವಾಗಿರಲಿಲ್ಲ. ಆಲೂಗಡ್ಡೆಯ ಅಂಚು ಕಂದಾಗುತ್ತಿದ್ದಂತೆ ಆಕೆಯ ಕೈ ತಾನಾಗಿಯೇ ಸೌಟಿಗೆ ಹೋಗುತ್ತಿತ್ತು. ಕೊನೆಗೆ ಮಗಳು ಹಿಂದಿನಿಂದ ತಬ್ಬಿ ಎರಡೂ ಕೈಗಳನ್ನು ಹಿಡಿದುಕೊಂಡಳು. ಅಮ್ಮನ ಬೆನ್ನು ನಡುಗುತ್ತಿತ್ತು, ನಗುವಿನಿಂದಲೋ ಬೇರೆಯದರಿಂದಲೋ ಅವಳು ಕೇಳಲಿಲ್ಲ. ಹೊಗೆ ಮುಂದಿನ ಕೋಣೆಗೆ ಹೋಯಿತು. ಅಲ್ಲಿ ಯಾರೋ ಕೆಮ್ಮಿದರು. “ಈಗ!” ಎಂದು ಛತ್ರಿ ಅಕ್ಕ ಹೇಳಿದಾಗ ವಿನೆಗರ್ ಬಿತ್ತು, ಬಾಣಲೆ ಸುಂಯ್ ಎಂದಿತು. ಹತ್ತೂಮುಕ್ಕಾಲಿಗೆ ಡಬ್ಬಿಯ ಮುಚ್ಚಳ ಬಿಗಿಯಾಯಿತು.

*

ವಾಹನ ಹೇಳಿದ ಸಮಯಕ್ಕೆ ಬಂತು. ಎಲ್ಲರೂ ಹೋದರು, ಎಲ್ಲ ಮುಗಿಯಿತು. ಮಣ್ಣು ಹಾಕುವಾಗ ಹೊಲಿಗೆಯಮ್ಮ ಅತ್ತಳು, ಸದ್ದಿಲ್ಲದೆ, ಬಹಳ ಹೊತ್ತು.

ಆರೂವರೆಗೆ ಮನೆಗೆ ಮರಳಿದಾಗ ಇನ್ನೂ ಬೆಳಕಿತ್ತು. ನೆರೆಯವರು ಬಿಸಿ ಸೂಪು ತಂದಿಟ್ಟಿದ್ದರು. ಆದರೆ ಯಾರೂ ಪಾತ್ರೆಯ ಮುಚ್ಚಳ ಎತ್ತಲಿಲ್ಲ. ಖಾಲಿಯಾಗಿದ್ದ ಉದ್ದನೆಯ ಮೇಜಿನ ತುದಿಯಲ್ಲಿ ಹೊಲಿಗೆಯಮ್ಮ ಕುಳಿತಳು, ಡಬ್ಬಿ ಮುಂದಿಟ್ಟುಕೊಂಡಳು. ನಾದಿನಿ, ಛತ್ರಿ ಅಕ್ಕ, ಮಾಸ್ತರರು, ಬಾಡಿಗೆಯ ವಾಹನ ನಿಲ್ಲಿಸಿ ನೀರು ಕುಡಿಯಲು ಬಂದಿದ್ದ ಚಾಲಕ, ಎಲ್ಲರೂ ಖಾಲಿ ತಟ್ಟೆ ಹಿಡಿದು ಸುತ್ತ ನಿಂತರು. ಮುಚ್ಚಳ ಪಟ್ಟನೆ ಬಿಚ್ಚಿಕೊಂಡಿತು.

ಆಕೆ ಒಂದು ಚಮಚ ಬಾಯಿಗಿಟ್ಟಳು. ಅಗಿದಳು. ಅಗಿಯುವುದು ನಿಂತಿತು, ಮತ್ತೆ ಶುರುವಾಯಿತು, ಇನ್ನೂ ನಿಧಾನವಾಗಿ. ಕಣ್ಣು ಮುಚ್ಚಿಕೊಂಡಳು.

“ಅಮ್ಮಾ?” ಎಂದಳು ಮಗಳು.

ಆಕೆ ಅಗಿಯುತ್ತಲೇ ಇದ್ದಳು.

“ಅತ್ತಿಗೆ, ಹೇಗಿದೆ ಹೇಳಿ. ಪ್ರಾಣ ತಿನ್ನಬೇಡಿ,” ಎಂದಳು ನಾದಿನಿ.

ಮಗಳು ತಡೆಯಲಾರದೆ ತನ್ನ ಚಮಚವನ್ನು ಡಬ್ಬಿಯತ್ತ ಚಾಚಿದಳು. ಹೊಲಿಗೆಯಮ್ಮ ಕಣ್ಣು ತೆರೆಯದೆಯೇ ಎಡಗೈಯನ್ನು ಡಬ್ಬಿಯ ಸುತ್ತ ಬಳಸಿ, ಅದನ್ನು ಎದೆಗೆ ಎಳೆದುಕೊಂಡು, ಮೊಣಕೈಯನ್ನು ಅಡ್ಡ ಇಟ್ಟು, ಎರಡನೆಯ ಚಮಚ ತುಂಬಿಕೊಂಡಳು.