ಫ್ರಿಜ್ಜಿನೊಳಗಿನ ಇಲಿಗಳು

ಗಂಡನಿಗೆ ಮ್ಯೂಸಿಯಂನಲ್ಲಿ ಕೆಲಸ ಎಂದು ಅವಳು ಎಲ್ಲರಿಗೂ ಹೇಳುತ್ತಿದ್ದಳು. ಏನು ಕೆಲಸ ಎಂದು ಯಾರಾದರೂ ಕೆದಕಿದರೆ ಮಾತು ಹಾರಿಸುತ್ತಿದ್ದಳು. ಸತ್ತ ಪ್ರಾಣಿಯ ಚರ್ಮ ಸುಲಿದು, ಒಳಗೆ ಹತ್ತಿ ತುರುಕಿ, ಗಾಜಿನ ಕಣ್ಣಿಟ್ಟು ನಿಲ್ಲಿಸುವವನು ಎಂದು ಯಾವ ಬಾಯಲ್ಲಿ ಹೇಳಿಯಾಳು, ಪಾಪ! ಈ ಸಲ ಅವನ ತಲೆ ಹೊಕ್ಕಿದ್ದು ಹೊಲದ ಇಲಿಗಳು. ಗಾಜಿನ ಪೆಟ್ಟಿಗೆಯೊಳಗೆ ಇಡೀ ಒಂದು ಇಲಿ ಸಂಸಾರ ಹೂಡಿಸುತ್ತೇನೆಂದು ಹೊರಟಿದ್ದ. ಸರಿಯಾದ ಹೊತ್ತಿಗೆ ಮ್ಯೂಸಿಯಂನ ಫ್ರಿಜ್ ಕೈಕೊಟ್ಟಿತು. ಹೊಲದವರು ಹಿಡಿದುಕೊಟ್ಟ ಇಲಿಗಳು ನೇರವಾಗಿ ಮನೆಗೇ ಬಂದವು. ಬಚ್ಚಲಲ್ಲಿ ಕೂತು ಬರಿಗೈಯಲ್ಲೇ ಸುಲಿಯುತ್ತಿದ್ದ, ಬೆರಳ ತುಂಬ ಚಾಕುವಿನ ಗೀರು. ಕೈಗವಸು ಹಾಕಿದರೆ ಇಲಿಯ ಕಿವಿಯ ಚರ್ಮ ಹರಿಯುತ್ತದಂತೆ. ಮಿಕ್ಕವು ಪ್ಲಾಸ್ಟಿಕ್ ಚೀಲದಲ್ಲಿ ಫ್ರೀಜರ್ ಸೇರಿದವು, ಬಟಾಣಿಯ ಪಕ್ಕಕ್ಕೆ. ಅವಳು ಬೈದು ಬೈದು ಸಾಕಾಗಿ ಸುಮ್ಮನಾದಳು.

ಅಷ್ಟರಲ್ಲಿ ಅವನಿಗೆ ಜ್ವರ ಹತ್ತಿತು. ಮೀನಖಂಡ ಮುಟ್ಟಿದರೆ ಜೀವ ಹೋಗುವಂಥ ನೋವು, ಕಣ್ಣು ಕೆಂಪಗೆ ಕೆಂಡ. ಆಸ್ಪತ್ರೆಗೆ ಸೇರಿಸಿದ್ದೇ ತಡ, ಅವನ ಅಕ್ಕ ಬಂದಿಳಿದಳು. ಈ ಅತ್ತಿಗೆ ತಮ್ಮನ ಮನೆಗೆ ಕಾಲಿಟ್ಟೊಡನೆ ಕಪಾಟಿನ ಮೇಲೆ ಬೆರಳಾಡಿಸುವವಳು. ಧೂಳು ಸಿಗದಿದ್ದರೆ ಮುಖ ಚಿಕ್ಕದು ಮಾಡಿಕೊಳ್ಳುವವಳು. ಇಷ್ಟು ವರ್ಷ ಆ ಬೆರಳಿಗೆ ಏನೂ ಸಿಗದಂತೆ ನೋಡಿಕೊಂಡದ್ದೇ ಇವಳ ದೊಡ್ಡ ಸಾಧನೆ.

ಮನೆಯಲ್ಲೋ ಕೆಲಸದ ಜಾಗದಲ್ಲೋ ಇಲಿ ಕಾಟವಿದೆಯೇ ಎಂದು ಡಾಕ್ಟರಮ್ಮ ಕೇಳಿದಳು. ಅತ್ತಿಗೆ ಮಂಚದ ಪಕ್ಕದಲ್ಲೇ ಕಿವಿ ನಿಮಿರಿಸಿಕೊಂಡು ನಿಂತಿದ್ದಳು.

“ನಮ್ಮನೇಲಾ? ಛೆ, ಇಲ್ಲ ಡಾಕ್ಟ್ರೇ,” ಎಂದಳು ಇವಳು.

ಸುಳ್ಳೇನು ಬಂತು? ಫ್ರೀಜರಿನಲ್ಲಿ ಮಲಗಿದ ಇಲಿಗಳು ಯಾರಿಗೆ ಕಾಟ ಕೊಟ್ಟಾವು? ಗಂಡನೂ ಕಣ್ಣು ಮುಚ್ಚಿಕೊಂಡೇ ಇಲ್ಲವೆಂದು ತಲೆಯಾಡಿಸಿದ. ಡಾಕ್ಟರಮ್ಮ ಬೇರೆ ಜ್ವರಗಳನ್ನು ಹುಡುಕಿಕೊಂಡು ಹೋದಳು.

ಅವನ ಮೈ ಹಳದಿಗೆ ತಿರುಗಿತು. ಮೂತ್ರ ನಿಂತೇಹೋಯಿತು. ಮೂತ್ರಪಿಂಡ ಸೋಲುತ್ತಿದೆ, ಕಾರಣ ಸಿಗದೆ ಹೀಗೇ ಬಿಟ್ಟರೆ ಉಳಿಯುವುದು ಕಷ್ಟ ಎಂದು ಡಾಕ್ಟರಮ್ಮ ಹೇಳಿದಳು. ಇವಳು ಅತ್ತಿಗೆಯತ್ತ ಒಮ್ಮೆ ನೋಡಿದಳು. ಹಾಳಾಗಿ ಹೋಗಲಿ ಎಂದುಕೊಂಡಳು.

“ಇಲಿ ಇವೆ ಡಾಕ್ಟ್ರೇ. ನಮ್ಮ ಫ್ರಿಜ್ಜಲ್ಲಿ. ಒಂದು ಚೀಲ ತುಂಬ ಇವೆ. ಬಚ್ಚಲಲ್ಲಿ ಕೂತು ಬರಿಗೈಯಲ್ಲಿ ಸುಲೀತಾರೆ ಇವರು.”

ಅತ್ತಿಗೆ ಬಾಯಿಗೆ ಸೆರಗು ಒತ್ತಿಕೊಂಡು ಹೊರಗೆ ಓಡಿದಳು. ಡಾಕ್ಟರಮ್ಮನಿಗೆ ಮಾತ್ರ ನಿಧಿ ಸಿಕ್ಕಷ್ಟು ಖುಷಿ. ಇದು ಇಲಿಜ್ವರ, ಇಲಿಯ ಮೂತ್ರದಲ್ಲಿರುವ ಬ್ಯಾಕ್ಟೀರಿಯಾ ಕೈಯ ಗಾಯದಿಂದ ಒಳಗೆ ಹೋಗಿದೆ ಎಂದಳು. ರಕ್ತ ಪರೀಕ್ಷೆಗೆ ಕಳಿಸಿ, ವರದಿಗೂ ಕಾಯದೆ ಇಂಜೆಕ್ಷನ್ ಬದಲಾಯಿಸಿದಳು. ಕೆಲವು ದಿನ ಕಳೆದ ಮೇಲೆ ನರ್ಸು ಮಂಚಕ್ಕೆ ತೂಗುಹಾಕಿದ್ದ ಚೀಲ ಎತ್ತಿ ತೋರಿಸಿದಾಗ, ಒಂದು ಲೋಟ ಮೂತ್ರ ಕಂಡು ಮನುಷ್ಯರು ಇಷ್ಟು ಸಂತೋಷಪಡಬಹುದೆಂದು ಇವಳಿಗೆ ಗೊತ್ತಾಯಿತು.

ಗಂಡ ಚೇತರಿಸಿಕೊಂಡು ಎಲ್ಲ ಕೇಳಿಸಿಕೊಂಡ.

“ಅಕ್ಕನ ಮುಂದೇನೇ ಹೇಳ್ಬಿಟ್ಯಾ?”

“ಇನ್ನೇನ್ ಮಾಡ್ಲಿ? ಡಾಕ್ಟ್ರು ಕೇಳಿದಾಗ ನೀವ್ಯಾಕೆ ಬಾಯಿ ಬಿಡ್ಲಿಲ್ಲ? ಜ್ಞಾನ ಇತ್ತಲ್ಲ?”

“ಇತ್ತು. ಅಕ್ಕ ಅಲ್ಲೇ ನಿಂತಿದ್ಲಲ್ಲೇ. ಅವಳ ಮುಂದೆ ನಿನ್ನ ಮರ್ಯಾದೆ ಹೋಗೋದು ಬೇಡ ಅಂತ ಸುಮ್ನಾದೆ.”

ತಿಕ್ಕಿ ತೊಳೆದು ಗಳಿಸಿದ ಹೆಸರಿಗಾಗಿ ತಾನು ಗಂಡನನ್ನೇ ಕೊಡಲು ಹೊರಟಿದ್ದೆನಲ್ಲ, ಈ ಪುಣ್ಯಾತ್ಮನೂ ಅದಕ್ಕೆ ಒಪ್ಪಿ ಮಲಗಿದ್ದನಲ್ಲ! ಅವಳು ಅವನನ್ನು ಬಾಯಿಗೆ ಬಂದಂತೆ ಬೈದಳು. ಬೈಯುತ್ತಲೇ ಅವನ ಹಳದಿ ಕೈ ಹಿಡಿದುಕೊಂಡು ಅತ್ತುಬಿಟ್ಟಳು.