ಬಂಗುಡೆ ಸಾರಿನ ಹುಳಿ

ಅಡುಗೆಯವನಿಗೆ ನಾಲಿಗೆಯೇ ಕೈಕೊಟ್ಟರೆ ಇನ್ನೇನುಂಟು ಹೇಳಿ? ಕೊಲ್ಲಿ ದೇಶದ ಫರ್ವಾನಿಯಾದ ಊಟದ ಹೋಟೆಲಿನಲ್ಲಿ ದೊಡ್ಡ ಅಡುಗೆಯವನಾದ ಸುಕುಮಾರನಿಗೆ ಈಚೆಗೆ ಅದೇ ದಿಗಿಲು. ಬಂಗುಡೆ ಸಾರು ಹುಳಿ, ಬೇಳೆ ಹುಳಿ, ಹಾಳಾದ್ದು ಪಾಯಸವೂ ಹುಳಿ! ಹುಣಸೆ ಕಡಿಮೆ ಮಾಡುತ್ತ ಬಂದ. ತಟ್ಟೆಗಳು ವಾಪಸ್ ಬಂದವು.

ಎರಡನೇ ಅಡುಗೆಯವ ಅಪ್ಪಿ, ಸಾರಿಗೆ ಹುಳಿಯೇ ಇಲ್ಲವೆಂದು ಒಮ್ಮೆ ಹೇಳಿ ನೋಡಿದ. ನನಗೇ ರುಚಿ ಕಲಿಸ್ತೀಯಾ ಎಂದು ಸುಕುಮಾರ ಸೌಟೆತ್ತಿ ಬೈದ ಮೇಲೆ ಬಾಯಿ ಮುಚ್ಚಿಕೊಂಡ. ಯಾಕೋ ಆಮೇಲೆ ತಟ್ಟೆ ವಾಪಸ್ ಬರುವುದೂ ನಿಂತಿತು. ಆದರೆ ದೂರು ಮಾಲೀಕ ಬಾವಾಕುಂಞಿಯವರ ಕಿವಿಗೆ ಬಿದ್ದಾಗಿತ್ತು. ಇವತ್ತು ಮಧ್ಯಾಹ್ನ ಅವರೇ ಉಣ್ಣಲಿಕ್ಕೆ ಬರುವವರು. ಕೆಲಸ ಹೋದರೆ ಇಲ್ಲಿ ಇರುವ ಪರವಾನಗಿ ಇಕಾಮಾ ಹೋಯಿತು, ಇಕಾಮಾ ಹೋದರೆ ಊರಿಗೆ ವಿಮಾನ.

ಸುಕುಮಾರ ಹೆದರಿ, ರೂಮಿನ ಜೊತೆಗಾರ ಶ್ರವಣನನ್ನು ಅಡುಗೆಮನೆಗೇ ಕರೆಸಿದ. ಅವನು ಶಾಲೆಯ ಲ್ಯಾಬ್ ನೋಡಿಕೊಳ್ಳುವವ. ಬಾಯಿ ತೆರೆಸಿ ನೋಡಿದರೆ ಮೇಲೆ ಹೊಸ ಚಿನ್ನದ ಹಲ್ಲು, ಕೆಳಗೆ ಹಳೇ ಬೆಳ್ಳಿ ಬಣ್ಣದ ಫಿಲ್ಲಿಂಗ್. ನಕ್ಕುಬಿಟ್ಟ. ಇನ್ನೂರು ವರ್ಷದ ಹಿಂದೆ ವೋಲ್ಟಾ ಎಂಬವನು ನಾಲಿಗೆ ಮೇಲೆ ಎರಡು ಲೋಹ ಇಟ್ಟು ಒಂದಕ್ಕೊಂದು ತಾಗಿಸಿದಾಗ ಹುಳಿ ಹುಳಿ ಆಯಿತಂತೆ. ಲೋಹ ತಾಗಿದ್ದೇ ಕಾರಣ ಎಂದು ಅವನ ನಂಬಿಕೆ. ಅಲ್ಲ, ನಡುವಿನ ದ್ರವ ಲೋಹವನ್ನು ತಿನ್ನುವುದರಿಂದ ಕರೆಂಟು ಹುಟ್ಟುತ್ತದೆ ಎಂದು ಆಮೇಲಿನವರು ಕಂಡುಕೊಂಡರಂತೆ.

"ನಿನ್ನ ನಾಲಿಗೆ ಸರಿ ಉಂಟು ಮಾರಾಯ. ಎರಡು ಲೋಹ, ನಡುವೆ ಎಂಜಲು. ಬಾಯಲ್ಲೇ ಬ್ಯಾಟರಿ."

ಎರಡು ಲೋಹ ತಾಗದ ಹಾಗೆ ಹಲ್ಲುಗಳ ನಡುವೆ ಹಾಲಿನ ಪ್ಯಾಕೆಟ್ಟಿನ ಪ್ಲಾಸ್ಟಿಕ್ ತುಂಡು ಸಿಕ್ಕಿಸಿ, ಈಗ ರುಚಿ ನೋಡು ಅಂದ. ಸುಕುಮಾರ ಸಾರು ನೆಕ್ಕಿದ. ತಾನು ಹಾಕಿದ್ದು ಹೆಸರಿಗಷ್ಟೇ ಹುಣಸೆ. ಆದರೂ ಹುಳಿ! ಜೀವವೇ ಬಾಯಿಗೆ ಬಂತು. ಹಾಗಾದರೆ ನಾಲಿಗೆ ನಿಜವಾಗಿಯೂ ಹೋಯಿತು.

ಶ್ರವಣ ನೀರು ಕುಡಿಸಿದ. ನೀರು ನೀರಾಗಿಯೇ ಇತ್ತು.

ಅಂದರೆ ಹುಳಿ ಇರುವುದು ಪಾತ್ರೆಯಲ್ಲಿ. ಸುಕುಮಾರ ಮೆಲ್ಲಗೆ ಅಪ್ಪಿಯ ಕಡೆ ತಿರುಗಿದ. ಅಪ್ಪಿ ತಲೆ ತಗ್ಗಿಸಿದ.

"ನೀವು ಆಚೆ ಹೋದಾಗೆಲ್ಲ ನಾನೇ ಹುಣಸೆ ಹಾಕ್ತಿದ್ದೆ ಅಣ್ಣಾ. ನಿಮ್ಮ ಹೆಸರು ಕೆಡಬಾರದಲ್ಲ."

ಅಷ್ಟರಲ್ಲಿ ಬಾವಾಕುಂಞಿಯವರು ಬಂದು ಕೂತು ಎರಡು ಸಲ ಸಾರು ಬಡಿಸಿಕೊಂಡರು. ಸುಕುಮಾರನ ಕೈರುಚಿ ಹೋಗಿದೆ ಎಂದವನಿಗೆ ತಲೆ ಸರಿಯಿಲ್ಲ ಎಂದರು. ಸುಮ್ಮನಿದ್ದರೆ ಕೆಲಸ ಉಳಿಯುತ್ತಿತ್ತು. ಸುಕುಮಾರ ಹಾಲಿನ ಪ್ಯಾಕೆಟ್ಟಿನ ತುಂಡನ್ನು ಬಾಯಿಂದ ತೆಗೆದ.

"ಕೈ ನನ್ನದಲ್ಲ ಧಣಿ, ಅಪ್ಪಿಯದ್ದು," ಎಂದು ಸೌಟು ಅವನಿಗೆ ಕೊಟ್ಟ.