ಮೂರು ಕಾರ್ಡು

ಗಿಟಾರ್ ಕಲಿಯಲು ಹೊರಟವರು ಮೊದಲು ಎಡಗೈ ಉಗುರು ಕತ್ತರಿಸಿಕೊಳ್ಳಬೇಕು. ಹೇಳಿಕೊಡುವವರನ್ನು ಕೇಳದೆ ಗಿಟಾರ್ ಕೊಳ್ಳಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಮನೆಯವರ ಮುಂದೆ ಬಾಯಿಬಿಡಬಾರದು. ಈ ಮೂರರಲ್ಲಿ ಒಂದನ್ನೂ ನಾನು ಪಾಲಿಸಲಿಲ್ಲ, ಹಾಗಾಗಿ ನನ್ನ ಮಾತನ್ನು ನಂಬಬಹುದು.

ನಾನು ಪ್ರಿಂಟಿಂಗ್ ಪ್ರೆಸ್ಸಿನವನು. ವಿಸಿಟಿಂಗ್ ಕಾರ್ಡು, ಬಿಲ್ ಪುಸ್ತಕ, ಕರಪತ್ರ, ಇವೇ ನನ್ನ ಕೆಲಸ. ವಯಸ್ಸು ಐವತ್ತೊಂದು. ಮನೆಯಲ್ಲಿ ನನ್ನ ಅಡ್ಡಹೆಸರು 'ಅರ್ಧ'. ಇಟ್ಟವರು ಭಾವ, ಅಂದರೆ ನನ್ನ ಅಕ್ಕನ ಗಂಡ. ಈಜು ಕಲಿಯಲು ಹೋಗಿ ತೇಲುವುದು ಬಂದ ಕೂಡಲೇ ಬಿಟ್ಟಿದ್ದೆ. ಹಿತ್ತಿಲ ಗೋಡೆಗೆ ಬಣ್ಣ ಬಳಿಯಲು ಹೊರಟು ಕಿಟಕಿಯ ತನಕ ಬಳಿದಿದ್ದೆ. ಏಳು ವರ್ಷವಾಯಿತು, ಆ ಗೋಡೆ ಇಂದಿಗೂ ಎರಡು ಬಣ್ಣ. ಆರಂಭಶೂರ ಎಂದು ಪೂರ್ತಿ ಕರೆಯಲು ಭಾವನಿಗೂ ಸೋಮಾರಿತನ, ಅರ್ಧ ಎಂದರೆ ಸುಲಭ.

ನನಗೋ ಕೋಪ ಮೂಗಿನ ತುದಿಯಲ್ಲಿ. ಅಕ್ಕ ಇನ್ನು ಹತ್ತು ವಾರಕ್ಕೆ ಅಂಚೆ ಕಚೇರಿಯಿಂದ ನಿವೃತ್ತಳಾಗುತ್ತಾಳೆ ಎಂಬ ಮಾತು ಬಂದ ದಿನ, ಭಾವ ಎಂದಿನಂತೆ ಎಲ್ಲರ ಮುಂದೆ ಕೆಣಕಿದರು. ನಿವೃತ್ತಿಯ ಸಂಭ್ರಮದ ದಿನ ಅಕ್ಕನಿಗೆ ಗಿಟಾರ್ ನುಡಿಸಿ ಹಾಡುತ್ತೇನೆ, ಅದೂ ಪೂರ್ತಿ ಹಾಡು, ಎಂದುಬಿಟ್ಟೆ. ಗಿಟಾರೇ ಏಕೆಂದರೆ ಪ್ರೆಸ್ಸಿನ ಎದುರಿನ ಅಂಗಡಿಯಲ್ಲಿ ಒಂದು ಕೆಂಪು ಗಿಟಾರ್ ವರ್ಷಗಳಿಂದ ನೇತಾಡುತ್ತಿತ್ತು, ಬಾಯಿಗೆ ಅದೇ ಬಂತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಯಾವ ಹಾಡು ಎಂದು ಯೋಚಿಸಬೇಕಾಗಿರಲಿಲ್ಲ. ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅಮ್ಮನಿಗೆ ಕಾರ್ಖಾನೆಯಲ್ಲಿ ಮಧ್ಯಾಹ್ನದ ಪಾಳಿ. ಊಟವಾದ ಮೇಲೆ ಅಳುತ್ತಿದ್ದ ನನ್ನನ್ನು ತೊಡೆಯ ಮೇಲೆ ಮಲಗಿಸಿಕೊಂಡು, ತಾನೇ ಕಟ್ಟಿದ ಒಂದು ಹಾಡು ಹೇಳಿ ಅಕ್ಕ ನಿದ್ದೆ ಮಾಡಿಸುತ್ತಿದ್ದಳು. ನನ್ನನ್ನು ಸಾಕಿದವಳು ಅವಳೇ. ಅದಕ್ಕೆ ಒಂದು ಸಲವೂ ನಾನು ಬಾಯಿಬಿಟ್ಟು ಏನೂ ಹೇಳಿರಲಿಲ್ಲ. ಈ ಒಂದು ಕೆಲಸವನ್ನಾದರೂ ಅರ್ಧಕ್ಕೆ ಬಿಡಬಾರದು ಎಂಬ ಹಟ ನಿಜವಾಗಿಯೂ ಹುಟ್ಟಿತು.

ಮರುದಿನ ಕೆಂಪು ಗಿಟಾರ್ ಮನೆಗೆ ಬಂತು. ಹೆಂಡತಿ ಅದನ್ನೂ ನನ್ನನ್ನೂ ನೋಡಿದಳು.

"ಅರವತ್ತಕ್ಕೆ ಅರಳು ಮರಳು ಅಂತಾರೆ. ನಿಮಗೆ ಒಂಬತ್ತು ವರ್ಷ ಮುಂಚೇನೇ ಬಂತಲ್ಲ."

ಪಾಠದ ಕೋಣೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮೇಲಿತ್ತು. ಕೆಳಗೆ ಡ್ರಿಲ್ ಗುಂಯ್ ಎನ್ನುತ್ತಿತ್ತು, ಮೇಲೆ ನಾನು. ಹೇಳಿಕೊಡುವವಳು ನನ್ನ ಮಗಳ ವಯಸ್ಸಿನ ಹುಡುಗಿ. ಆದರೂ ವಿದ್ಯೆ ಕೊಡುವವಳು, ಮೇಡಂ ಎಂದೇ ಕರೆದೆ. ಎಷ್ಟು ಬಲ ಹಾಕಿದರೂ ತಂತಿ ಒತ್ತಲಾಗುತ್ತಿಲ್ಲ ಎಂದು ಗೊಣಗಿದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎನ್ನುತ್ತಾಳೆಂದು ಕಾದರೆ, ಅವಳು ಗಿಟಾರನ್ನು ಕಣ್ಣಿಗೆ ನೇರ ಹಿಡಿದು ನೋಡಿ, ನೆಲ ನಿಜವಾಗಿಯೂ ಡೊಂಕಾಗಿದೆ ಎಂದಳು. ಬಿಸಿಲಿನಲ್ಲಿ ನೇತಾಡಿ ಅದರ ಕತ್ತು ಬಾಗಿತ್ತು. ಸಣ್ಣ ಕೀಲಿಯೊಂದನ್ನು ತಿರುಗಿಸಿ ಸರಿಮಾಡಿ, ಮುಂಚೆಯೇ ಕೇಳಿದ್ದರೆ ಒಳ್ಳೆಯದನ್ನು ಆರಿಸಿಕೊಡುತ್ತಿದ್ದೆ ಎಂದಳು. ಆಮೇಲೆ ಬೆರಳುಗಳನ್ನು ಮೂರು ಬಗೆಯಲ್ಲಿ ಇಡುವುದನ್ನು ತೋರಿಸಿ, ನಾನು ಮೆಟ್ಟಿಲಿಳಿಯುವಾಗ ಮೇಲಿನಿಂದ ಕೂಗಿ ಹೇಳಿದಳು:

"ಸರ್, ಮುಂದಿನ ವಾರಕ್ಕೆ ಮೂರು ಕಾರ್ಡ್ ಮಾಡ್ಕೊಂಡು ಬನ್ನಿ. ನಿಧಾನ ಆದ್ರೂ ಪರವಾಗಿಲ್ಲ, ಕ್ಲೀನಾಗಿರಬೇಕು."

ಇದು ನನ್ನ ಕೈಯಲ್ಲಿರುವ ಕೆಲಸ. ಇಡೀ ವಾರ ಗಿಟಾರ್ ಮುಟ್ಟಲಿಲ್ಲ. ದಪ್ಪ ಕಾಗದ ತೆಗೆದೆ, ಮೂರು ವಿನ್ಯಾಸ ಮಾಡಿದೆ, ಒಂದಕ್ಕೆ ಚಿನ್ನದ ಬಣ್ಣದ ಅಂಚು, ಮೂರರಲ್ಲೂ ಗಿಟಾರಿನ ಚಿತ್ರ, ಕೆಳಗೆ 'ಗಿಟಾರ್ ಪಾಠ ಹೇಳಿಕೊಡಲಾಗುವುದು'. ಒಂದೇ ಒಂದು ಅಕ್ಷರ ತಪ್ಪಿರಲಿಲ್ಲ. ಮುಂದಿನ ವಾರ ಎದೆಯುಬ್ಬಿಸಿ ಅವಳ ಮುಂದೆ ಇಟ್ಟೆ. ಅವಳು ಒಂದೊಂದನ್ನೇ ತಿರುಗಿಸಿ ನೋಡಿದಳು. ಆಮೇಲೆ ನೆಲದ ಮೇಲೆ ಕುಳಿತು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಗಿಟಾರಿನವರ ಭಾಷೆಯಲ್ಲಿ ಕಾರ್ಡ್ ಎಂದರೆ ಮೂರು ನಾಲ್ಕು ಸ್ವರ ಒಟ್ಟಿಗೆ ಬರುವಂತೆ ಬೆರಳು ಇಡುವುದಂತೆ. ಮೂವತ್ತು ವರ್ಷ ಕಾರ್ಡು ಅಚ್ಚು ಮಾಡಿದವನಿಗೆ ಇದನ್ನು ಯಾರು ಹೇಳಬೇಕಿತ್ತು? ಆದರೆ ಅವಳು ಅವನ್ನು ಎಸೆಯಲಿಲ್ಲ. ಒಂದೊಂದರ ಬೆನ್ನಿಗೂ ಆರು ತಂತಿಗೆ ಆರು ಗೆರೆ ಎಳೆದು, ಬೆರಳಿಡುವಲ್ಲಿ ಚುಕ್ಕೆ ಹಾಕಿ, ನನ್ನ ಮೂರು ಕಾರ್ಡನ್ನು ನನಗೇ ಕೊಟ್ಟಳು. ನಾನೂ ನಕ್ಕೆ. ಕೋಪ ಬರಲೇ ಇಲ್ಲ, ಅದು ನನಗೇ ಆಶ್ಚರ್ಯ.

ಬೆರಳ ತುದಿ ಉರಿಯುತ್ತದೆ ಎಂದು ಯಾರೂ ಹೇಳಿರಲಿಲ್ಲ. ಕಾಗದ ಎಣಿಸುವಾಗ ನಾವು ಬೆರಳಿಗೆ ಹಾಕುವ ರಬ್ಬರ್ ಟೋಪಿ ಇದೆಯಲ್ಲ, ಅಂಥ ನಾಲ್ಕನ್ನು ಹಾಕಿಕೊಂಡು ಹೋದೆ. ತಂತಿ ಡಬ್ ಡಬ್ ಎಂದಿತು. ಚರ್ಮ ತಾನಾಗಿ ಗಟ್ಟಿಯಾಗಬೇಕು, ಭಾನುವಾರ ಒಂದೇ ಸಮನೆ ಎರಡು ತಾಸು ಬಾರಿಸುವ ಬದಲು ದಿನಕ್ಕೆ ಹತ್ತೇ ನಿಮಿಷ ಕೂರಬೇಕು ಎಂದಳು ಮೇಡಂ. ಕುಳಿತೆ. ದಿನವೂ ಅದೇ ಮೂರು ಕಾರ್ಡು, ಅದೇ ಹಾಡು. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಎಂದು ಹೆಂಡತಿ ಬೈದಳು. ಆರನೇ ವಾರ ಅವಳೇ ಪಾತ್ರೆ ತೊಳೆಯುತ್ತಾ ಅದನ್ನು ಗುನುಗುತ್ತಿದ್ದಳು.

ಒಂದೇ ತೊಡಕು. ಮೇಡಂ ಚಿನ್ನದ ಅಂಚಿನ ಕಾರ್ಡಿಗೆ 'ಮನೆ' ಎನ್ನುತ್ತಿದ್ದಳು. ಹಾಡು ಎಲ್ಲಿಗೆ ಹೋದರೂ ಕೊನೆಗೆ ಆ ಕಾರ್ಡಿಗೆ ಬಂದರೆ ಕಿವಿಗೆ ಸಮಾಧಾನ. ನನ್ನ ಹಾಡು ಮೂರನೇ ಕಾರ್ಡಿನಲ್ಲೇ ನಿಂತುಬಿಡುತ್ತಿತ್ತು.

"ಸರ್, ಈ ಹಾಡು ಇನ್ನೂ ಮನೆಗೆ ಬಂದಿಲ್ಲ. ಮುಂದೆ ಏನೋ ಇದೆ."

ಇಲ್ಲ, ಇಷ್ಟೇ ಎಂದೆ. ಜಗಳವನ್ನೇ ಆಡಿದೆ. ಅಕ್ಕನನ್ನು ಕೇಳೋಣವೆಂದರೆ ಯಾವ ಹಾಡು ಎಂಬ ಗುಟ್ಟು ರಟ್ಟಾಗುತ್ತದೆ.

ನಿವೃತ್ತಿಯ ಸಂಭ್ರಮದ ಭಾನುವಾರ ಬಂತು, ಮಧ್ಯಾಹ್ನ ಅಕ್ಕನ ಮನೆಯ ನಡುಮನೆ ತುಂಬಿತ್ತು. ಅಂಚೆ ಕಚೇರಿಯವರೆಲ್ಲ ಬಂದಿದ್ದರು. ನಾನು ಗಿಟಾರ್ ತೆಗೆದು, ಮೂರು ಕಾರ್ಡನ್ನು ಸ್ಟೂಲಿನ ಮೇಲೆ ಹರಡಿದೆ. ಭಾವ ಸುಮ್ಮನಿರುತ್ತಾರೆಯೇ?

"ಕೋಣನ ಮುಂದೆ ಕಿನ್ನರಿ ಬಾರಿಸೋದು ಕೇಳಿದ್ದೆ. ಕೋಣಾನೇ ಕಿನ್ನರಿ ಬಾರಿಸೋದು ಇವತ್ತೇ ನೋಡ್ತಿರೋದು."

ಎಲ್ಲರೂ ನಕ್ಕರು. ನನ್ನ ಬೆರಳುಗಳಿಗೆ ದಾರಿ ಗೊತ್ತಿತ್ತು. ಬಾರಿಸಿದೆ, ಹಾಡಿದೆ.

ಬಿಸಿಲೇ ಬಿಸಿಲೇ ಮೆಲ್ಲಗೆ ಬಾ,
ತಮ್ಮನ ಕಾಲಿಗೆ ಹೊದಿಕೆಯ ತಾ,
ಅಮ್ಮ ಕೆಲಸಕೆ ಹೋದಳು ನೋಡು...

ಅಲ್ಲಿಗೆ ನಿಲ್ಲಿಸಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಇನ್ನೂ ಇದೆ ಎಂದು ಎಲ್ಲರೂ ಕಾಯುತ್ತಿದ್ದರು. ಮುಗಿಯಿತು ಎಂದೆ. "ನೋಡಿದ್ರಾ, ಮತ್ತೆ ಅರ್ಧ" ಎಂದರು ಭಾವ. ನನಗೆ ಭೂಮಿ ಬಾಯಿಬಿಡಬಾರದೆ ಎನಿಸಿತು. ಹತ್ತು ವಾರದ ಬೆರಳುರಿಯೆಲ್ಲ ನೀರಿನಲ್ಲಿ ಹೋಮವಾಯಿತು.

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಗಂಡನ ಕಡೆ ತಿರುಗಿದಳು.

"ಅವನದ್ದೇನೂ ತಪ್ಪಿಲ್ಲ. ಅಷ್ಟೊತ್ತಿಗೇ ಅವನಿಗೆ ನಿದ್ದೆ ಬಂದುಬಿಡ್ತಿತ್ತು. ಮುಂದೆ ಹಾಡಿದ್ರೆ ಎಲ್ಲಿ ಎಚ್ಚರ ಆಗ್ತಾನೋ ಅಂತ ನಾನೇ ನಿಲ್ಲಿಸ್ತಿದ್ದೆ. ಉಳಿದದ್ದನ್ನ ಅವನು ಕೇಳೇ ಇಲ್ಲ."

ಆಮೇಲೆ ನನಗೆ, "ಬಾರಿಸೋ" ಎಂದಳು.

ನಾನು ಮೂರನೇ ಕಾರ್ಡಿನ ಮೇಲೆ ಬೆರಳಿಟ್ಟೆ. ಅಕ್ಕ, ಅರವತ್ತರ ಅಕ್ಕ, ಹನ್ನೆರಡು ಹದಿಮೂರು ವರ್ಷದ ಹುಡುಗಿಯ ದನಿಯಲ್ಲಿ ಎತ್ತಿಕೊಂಡಳು.

ಅಮ್ಮ ಬಂದಳು ಬಾಗಿಲಿಗೆ,
ಬಿಸಿಲೇ ಹೋಗು ನಿನ್ನ ಮನೆಗೆ.

ಹೊಸದೇನೂ ಕಲಿಯಬೇಕಾಗಿರಲಿಲ್ಲ. ಅವೇ ಮೂರು ಕಾರ್ಡು ಸಾಕಾದವು. ಕೊನೆಯ ಪದಕ್ಕೆ ನನ್ನ ಬೆರಳು ತಾನಾಗಿಯೇ ಚಿನ್ನದ ಅಂಚಿನ ಕಾರ್ಡಿಗೆ ಬಂದು ನಿಂತಿತು. ಚಪ್ಪಾಳೆ ಮೊದಲು ತಟ್ಟಿದವರು ಭಾವ, ಅದನ್ನು ಒಪ್ಪಿಕೊಳ್ಳಲೇಬೇಕು.

ಅಕ್ಕ ನನ್ನ ತಲೆಯ ಮೇಲೆ ಕೈಯಿಟ್ಟಳು.

"ನಿದ್ದೆ ಬಂತೇನೋ?"

"ಇಲ್ಲ ಅಕ್ಕ," ಎಂದೆ, "ಇವತ್ತು ಪೂರ್ತಿ ಕೇಳಿದೆ."